‘ಶರಪಂಜರ’ದ ತ್ರಿವೇಣಿ: ವಾಸಿಯಾದ ಮನಸ್ಸು, ವಾಸಿಯಾಗದ ಭಯ

ಬಾಣಂತಿ ಸನ್ನಿ ಎಂಬ ಮಾತು ಕನ್ನಡನಾಡಿನ ಹಳ್ಳಿಗಾಗಲಿ ಪಟ್ಟಣಕ್ಕಾಗಲಿ ಹೊಸದಲ್ಲ. ಹೆರಿಗೆಯಾದ ಕೆಲವೇ ದಿನಗಳಲ್ಲಿ ತಾಯಿಗೆ ನಿದ್ದೆ ಹಾರಿಹೋಗುತ್ತದೆ, ಕಾರಣವಿಲ್ಲದ ಭಯ ಆವರಿಸುತ್ತದೆ, ಮಾತು ಹಳಿ ತಪ್ಪುತ್ತದೆ. ಗಾಳಿ ಸೋಂಕೆಂದು ಬೇವಿನ ಸೊಪ್ಪಿಗೂ ತಾಯಿತಕ್ಕೂ ಕೈ ಚಾಚುತ್ತಿದ್ದ ಕಾಲದಲ್ಲಿ, ಇದೊಂದು ಕಾಯಿಲೆ, ಚಿಕಿತ್ಸೆಯಿಂದ ಗುಣವಾಗುವಂಥದ್ದು ಎಂಬ ತಿಳಿವನ್ನು ಸಾಮಾನ್ಯ ಓದುಗರ ಮನೆಯೊಳಕ್ಕೆ ಕೊಂಡೊಯ್ದವರಲ್ಲಿ ಪ್ರಮುಖರು ವೈದ್ಯರಲ್ಲ, ಮೈಸೂರಿನ ಕಾದಂಬರಿಗಾರ್ತಿ ತ್ರಿವೇಣಿ.

ಅನಸೂಯಾ ಎಂಬುದು ಅವರ ನಿಜನಾಮಧೇಯ. 1928ರ ಸೆಪ್ಟೆಂಬರ್ 1ರಂದು ಜನಿಸಿದ ಅವರು ಆಚಾರ್ಯ ಬಿ.ಎಂ. ಶ್ರೀಕಂಠಯ್ಯನವರ ಕುಟುಂಬದ ಕುಡಿ. ‘ಶುಭಮಂಗಳ’ದ ವಾಣಿ ಕೂಡ ಅದೇ ಬಳಗದವರು. ಸಾಹಿತ್ಯದ ಗಾಳಿ ಮನೆಯಲ್ಲೇ ಇತ್ತು. ಆದರೆ ಅವರ ಬರವಣಿಗೆಯ ದಿಕ್ಕನ್ನು ನಿಶ್ಚಯಿಸಿದ್ದು ಅದಕ್ಕಿಂತ ಹೆಚ್ಚಾಗಿ ಕಾಲೇಜಿನ ಒಂದು ವಿಷಯ.

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಅವರು ಮನಶ್ಶಾಸ್ತ್ರವನ್ನು ಆರಿಸಿಕೊಂಡರು. 1924ರಲ್ಲಿ ಆರಂಭವಾದ ಆ ವಿಭಾಗವನ್ನು ಕಟ್ಟಿ ಬೆಳೆಸಿದವರು ಪ್ರೊ. ಎಂ.ವಿ. ಗೋಪಾಲಸ್ವಾಮಿ. 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿ ‘ಆಕಾಶವಾಣಿ’ಯ ಚರಿತ್ರೆಗೆ ಸೇರಿದ ಗೋಪಾಲಸ್ವಾಮಿಯವರೂ ಇವರೇ. ಮನಸ್ಸನ್ನು ಪ್ರಯೋಗಶಾಲೆಯಲ್ಲಿಟ್ಟು ನೋಡಬಹುದೆಂಬ ಕಲ್ಪನೆಯೇ ನಾಡಿಗೆ ಹೊಸತಾಗಿದ್ದ ದಿನಗಳಲ್ಲಿ ಹೆಣ್ಣುಮಗಳೊಬ್ಬಳು ಅದನ್ನು ಓದಿ ಪದವಿ ಪಡೆದದ್ದು ಸಣ್ಣ ಸಂಗತಿಯಲ್ಲ.

ಇಂಗ್ಲಿಷ್ ಅಧ್ಯಾಪಕ ಎಸ್.ಎನ್. ಶಂಕರ್ ಅವರೊಡನೆ ವಿವಾಹವಾಯಿತು. 1953ರಲ್ಲಿ ಮೊದಲ ಕಾದಂಬರಿ ‘ಅಪಸ್ವರ’ ಹೊರಬಂತು. ಅಲ್ಲಿಂದಾಚೆಗೆ ಹತ್ತೇ ವರ್ಷ. ಅಷ್ಟರಲ್ಲಿ ಸುಮಾರು ಇಪ್ಪತ್ತು ಕಾದಂಬರಿಗಳು, ಮೂರು ಕಥಾಸಂಕಲನಗಳು. ಉಬ್ಬಸದ ಕಾಟವಿತ್ತು, ಗರ್ಭ ನಿಲ್ಲದ ನೋವೂ ಇತ್ತು. ಇವುಗಳ ನಡುವೆ ಅಷ್ಟು ಬರೆದರೆಂಬುದೇ ಅಚ್ಚರಿ. ‘ಬೆಳ್ಳಿಮೋಡ’, ‘ಹಣ್ಣೆಲೆ ಚಿಗುರಿದಾಗ’ ಮುಂದೆ ಚಲನಚಿತ್ರಗಳಾಗಿ ಮನೆಮಾತಾದವು. ಅವರ ಸ್ಥಾನವನ್ನು ಪ್ರತ್ಯೇಕವಾಗಿಸಿದ್ದು ಮಾತ್ರ ‘ಬೆಕ್ಕಿನ ಕಣ್ಣು’, ‘ಮುಚ್ಚಿದ ಬಾಗಿಲು’, ‘ಶರಪಂಜರ’ದಂಥ ಮನೋವೈಜ್ಞಾನಿಕ ಕೃತಿಗಳು. ‘ಬೆಕ್ಕಿನ ಕಣ್ಣು’ ಮಲಯಾಳದ ತೆರೆಯೇರಿತು. 1966ರ ‘ಪೂಚ್ಚಕ್ಕಣ್ಣಿ’ ಚಿತ್ರವನ್ನು ನಿರ್ದೇಶಿಸಿದವರು ಪುಟ್ಟಣ್ಣ ಕಣಗಾಲ್.

‘ಶರಪಂಜರ’ದ ಕಾವೇರಿ ಸುಖೀ ಗೃಹಿಣಿ. ಹೆರಿಗೆಯ ತರುವಾಯ ಆಕೆಯ ಮನಸ್ಸಿನ ಸ್ತಿಮಿತ ತಪ್ಪುತ್ತದೆ. ಮನೋವೈದ್ಯರ ಆಸ್ಪತ್ರೆ ಸೇರುತ್ತಾಳೆ, ಚಿಕಿತ್ಸೆ ಪಡೆಯುತ್ತಾಳೆ, ಗುಣಮುಖಳಾಗಿ ಮನೆಗೆ ಮರಳುತ್ತಾಳೆ. ಸಾಧಾರಣ ಲೇಖಕರು ಇಲ್ಲಿಗೇ ಮಂಗಳ ಹಾಡುತ್ತಿದ್ದರು. ತ್ರಿವೇಣಿಯವರ ಕಥೆಯ ತಿರುಳು ಶುರುವಾಗುವುದೇ ಇಲ್ಲಿಂದ. ಆಕೆ ಜೋರಾಗಿ ನಕ್ಕರೂ ಅನುಮಾನ, ಸುಮ್ಮನಿದ್ದರೂ ಅನುಮಾನ. ನೆರೆಹೊರೆಯವರ ದೃಷ್ಟಿ ಬದಲಾಗಿದೆ. ಗಂಡ ದೂರ ಸರಿದಿದ್ದಾನೆ, ಇನ್ನೊಬ್ಬಳ ಸಖ್ಯ ಬೆಳೆಸಿದ್ದಾನೆ. ರೋಗ ಗೆದ್ದು ಬಂದ ಹೆಣ್ಣು ಮನೆಯವರ ಭಯದೆದುರು ಸೋಲುತ್ತಾಳೆ.

ಎದೆ ಡವಗುಟ್ಟಿ, ಉಸಿರು ಕಟ್ಟಿ, ಈಗಲೇ ಪ್ರಾಣ ಹೋದೀತೆನ್ನಿಸುವ ಪ್ಯಾನಿಕ್ ಅಟ್ಯಾಕ್‌ನ ಬಗ್ಗೆ ಇಂದು ಪಟ್ಟಣಗಳಲ್ಲಿ ಬಹಳ ಚರ್ಚೆಯಾಗುತ್ತಿದೆ. ಬಾಣಂತಿ ಸನ್ನಿಯೇ ಬೇರೆ, ಇದೇ ಬೇರೆ. ಆದರೂ ಒಂದು ಎಳೆ ಎರಡಕ್ಕೂ ಸಮಾನ. ಪ್ಯಾನಿಕ್‌ನ ಹೊಡೆತ ಕೆಲವೇ ನಿಮಿಷಗಳಲ್ಲಿ ಏರಿ ಇಳಿಯುತ್ತದೆ; ಮತ್ತೆ ಬಂದೀತೆಂಬ ಅಂಜಿಕೆ ತಿಂಗಳುಗಟ್ಟಲೆ ಉಳಿಯುತ್ತದೆ. ಅದಕ್ಕೆಂದೇ ಮನಶ್ಶಾಸ್ತ್ರಜ್ಞರು ಆಪ್ತ ಮಾತುಕತೆಯ ಚಿಕಿತ್ಸೆಯಲ್ಲಿ ಮೊದಲು ಕೈಹಾಕುವುದು ಈ ಅಂಜಿಕೆಗೆ: ಭಯದಿಂದ ಓಡದೆ ಅದರೆದುರು ನಿಲ್ಲುವುದನ್ನು ಹಂತಹಂತವಾಗಿ ರೂಢಿ ಮಾಡಿಸುತ್ತಾರೆ. ಕಾವೇರಿಯ ಮನೆಯಲ್ಲಿ ಮತ್ತೆ ಬಂದೀತೆಂಬ ಅಂಜಿಕೆ ಹಿಡಿದಿದ್ದು ಆಕೆಯ ಸುತ್ತಲಿನವರನ್ನು. ಅವರಾರೂ ವೈದ್ಯರ ಮುಂದೆ ಕೂತವರಲ್ಲ. ರೋಗಿಯ ಕುಟುಂಬದವರನ್ನೂ ಕೂಡಿಸಿಕೊಂಡು ಮಾತನಾಡುವುದು ಇಂದು ಚಿಕಿತ್ಸೆಯ ಭಾಗವಾಗಿದೆ. ತ್ರಿವೇಣಿ ಅದರ ಅಗತ್ಯವನ್ನು ಕಥೆಯಲ್ಲೇ ಕಂಡಿದ್ದರು.

ಅವರು ಬರೆಯುತ್ತಿದ್ದ ಕಾಲವನ್ನೂ ನೆನೆಯಬೇಕು. ಮನೋರೋಗಕ್ಕೆ ಪರಿಣಾಮಕಾರಿ ಔಷಧವೆನಿಸಿದ ಕ್ಲೋರ್‌ಪ್ರೊಮಜಿನ್ ಫ್ರಾನ್ಸಿನಲ್ಲಿ ಬಳಕೆಗೆ ಬಂದದ್ದು 1952ರಲ್ಲಿ. ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಮಗ್ಗುಲಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ತಲೆಯೆತ್ತಿದ್ದು 1954ರಲ್ಲಿ. ಎರಡೂ ಕೂಡಿ ನಿಮ್ಹಾನ್ಸ್ ಆದದ್ದು 1974ರಲ್ಲಿ. ಇತ್ತ ರಾಯಚೂರು ಜಿಲ್ಲೆ 1956ರವರೆಗೂ ಹೈದರಾಬಾದ್ ರಾಜ್ಯದಲ್ಲಿತ್ತು. ದೇವದುರ್ಗ ಸೀಮೆಯ ಅರಕೇರಾದಂಥ ಊರಿನ ಬಾಣಂತಿಗೆ ಧಾರವಾಡದ ಹುಚ್ಚಾಸ್ಪತ್ರೆಯೂ ದೂರ, ಬೆಂಗಳೂರು ಇನ್ನೂ ದೂರ. ಆ ಹೆಸರೇ ಸಾಕಿತ್ತು, ಮನೆಯವರು ಹಿಂದೇಟು ಹಾಕಲು.

ಮನೋರೋಗದ ಚಿಕಿತ್ಸೆಯನ್ನು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಕೊಡಬಹುದೆಂಬುದನ್ನು ನಿಮ್ಹಾನ್ಸ್ ನೆರವಿನೊಡನೆ 1985ರಿಂದ ತೋರಿಸಿಕೊಟ್ಟದ್ದು ಪಕ್ಕದ ಬಳ್ಳಾರಿ. ಆ ಮಾದರಿಯನ್ನೇ ಮುಂದೆ ದೇಶದ ಇತರ ಜಿಲ್ಲೆಗಳಿಗೆ ವಿಸ್ತರಿಸಲಾಯಿತು. ಬಾಣಂತಿ ಸನ್ನಿ ಸಾವಿರ ಹೆರಿಗೆಗೆ ಒಂದೆರಡರಲ್ಲಿ ಕಾಣಿಸಿಕೊಳ್ಳುತ್ತದೆ, ಸಕಾಲದಲ್ಲಿ ಔಷಧ ದೊರೆತರೆ ಬಹುಪಾಲು ತಾಯಂದಿರು ಚೇತರಿಸಿಕೊಳ್ಳುತ್ತಾರೆ ಎಂಬುದು ಈಗ ವೈದ್ಯಲೋಕದ ಸಾಮಾನ್ಯ ಜ್ಞಾನ. ತಾಯಿಯನ್ನು ಮಗುವಿನಿಂದ ಅಗಲಿಸದೆ ಇಬ್ಬರನ್ನೂ ಒಟ್ಟಿಗೆ ಇರಿಸಿಕೊಳ್ಳುವ ವಿಭಾಗ ನಿಮ್ಹಾನ್ಸ್‌ನಲ್ಲಿ 2009ರಲ್ಲಿ ಆರಂಭವಾಯಿತು. ಕಾವೇರಿಯಂಥವರಿಗೆ ಬೇಕಿದ್ದುದು ಇಂಥದ್ದೇ.

1971ರಲ್ಲಿ ಪುಟ್ಟಣ್ಣ ‘ಶರಪಂಜರ’ವನ್ನು ತೆರೆಗೆ ತಂದರು. ಕಾವೇರಿಯಾದ ಕಲ್ಪನಾ ಅವರ ಅಭಿನಯ ಇಂದಿಗೂ ಕನ್ನಡಿಗರ ಕಣ್ಣಿಗೆ ಕಟ್ಟಿದೆ. ಕನ್ನಡದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರ ಪ್ರಶಸ್ತಿಯೂ ಬಂತು. ಕಾದಂಬರಿಯನ್ನೆಂದೂ ಕೈಗೆತ್ತಿಕೊಳ್ಳದ ಲಕ್ಷಾಂತರ ಮಂದಿಗೆ ಕಾವೇರಿಯ ಪರಿಚಯವಾದದ್ದು ಟೆಂಟ್ ಟಾಕೀಸುಗಳಲ್ಲಿ. ಆ ವೈಭವವನ್ನು ಕಾಣಲು ತ್ರಿವೇಣಿ ಇರಲಿಲ್ಲ.

ಹಲವು ವರ್ಷ ಹಂಬಲಿಸಿದ ಮಗು 1963ರ ಜುಲೈನಲ್ಲಿ ಹುಟ್ಟಿತು, ಹೆಣ್ಣುಮಗು. ಹೆರಿಗೆಯಾದ ಹತ್ತು ದಿನಗಳಿಗೆ, ಜುಲೈ 29ರಂದು, ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಲುಕಿ ತ್ರಿವೇಣಿ ತೀರಿಕೊಂಡರು. ಬಾಣಂತಿಯರ ಸಂಕಟವನ್ನು ನಾಡಿಗೆ ತಿಳಿಯಹೇಳಿದಾಕೆ ಬಾಣಂತಿಯಾಗಿಯೇ ಹೋದರು. ಆಗವರಿಗೆ ಮೂವತ್ತೈದೂ ತುಂಬಿರಲಿಲ್ಲ. ಮೇಜಿನ ಮೇಲೆ ಅರ್ಧಕ್ಕೆ ನಿಂತಿದ್ದ ‘ಅವಳ ಮಗಳು’ ಕಾದಂಬರಿಯನ್ನು ಎಂ.ಸಿ. ಪದ್ಮಾ ಪೂರ್ಣಗೊಳಿಸಿದರು.