ಟಾಮಿ ಡಗ್ಲಸ್: ಆಸ್ಪತ್ರೆಯ ಬಿಲ್ಲನ್ನು ಊರೆಲ್ಲ ಹಂಚಿಕೊಂಡ ಕಥೆ

2004ರಲ್ಲಿ ಕೆನಡಾದ ಸಾರ್ವಜನಿಕ ದೂರದರ್ಶನ ವಾಹಿನಿ ಸಿಬಿಸಿ, ದೇಶದ ಅತಿ ಶ್ರೇಷ್ಠ ವ್ಯಕ್ತಿ ಯಾರು ಎಂದು ಜನರ ಮತ ಕೇಳಿತು. ಪಟ್ಟಿಯಲ್ಲಿ ಪ್ರಧಾನಿಗಳಿದ್ದರು, ಹಾಕಿ ಆಟಗಾರರಿದ್ದರು, ಇನ್ಸುಲಿನ್ ಕಂಡುಹಿಡಿದ ಬ್ಯಾಂಟಿಂಗ್ ಇದ್ದರು. ಗೆದ್ದವರು ಟಾಮಿ ಡಗ್ಲಸ್. ಬೆಂಗಳೂರಿನಲ್ಲಿ ಆರೋಗ್ಯ ವಿಮೆಯ ಕ್ಲೇಮುಗಳಿಗೆ ತಂತ್ರಾಂಶ ಬರೆಯುವ ನನಗೆ ಈ ಹೆಸರು ಪರಿಚಯವಾದದ್ದು ಕೆಲಸದ ದೆಸೆಯಿಂದ. ಈ ಸ್ಮರಣ ಸಂಚಿಕೆ ಓದುವ ಮಕ್ಕಳಿಗೂ ಅವರ ಪರಿಚಯ ಇರಲಿ ಎಂದು ಬರೆಯುತ್ತಿದ್ದೇನೆ.

ಡಗ್ಲಸ್ ಹುಟ್ಟಿದ್ದು 1904ರಲ್ಲಿ, ಸ್ಕಾಟ್ಲೆಂಡಿನ ಫಾಲ್ಕರ್ಕ್ ಊರಿನಲ್ಲಿ. ತಂದೆ ಕಬ್ಬಿಣದ ಎರಕದ ಕೆಲಸಗಾರ. ಚಿಕ್ಕಂದಿನಲ್ಲಿ ಬಿದ್ದು ಮೊಣಕಾಲಿಗೆ ಆದ ಗಾಯ ಮೂಳೆಯ ಸೋಂಕಾಗಿ ಉಳಿಯಿತು. ಕುಟುಂಬ ಕೆನಡಾದ ವಿನ್ನಿಪೆಗ್‌ಗೆ ವಲಸೆ ಬಂದ ಮೇಲೆ ಅದು ಉಲ್ಬಣಿಸಿತು. ತಜ್ಞರಿಗೆ ಕೊಡಲು ಹಣವಿಲ್ಲ. ಕಾಲು ಕತ್ತರಿಸುವುದೊಂದೇ ದಾರಿ ಎಂದಾಯಿತು. ಆಗ ಒಬ್ಬ ಹೆಸರಾಂತ ಮೂಳೆ ತಜ್ಞರು, ತಮ್ಮ ವಿದ್ಯಾರ್ಥಿಗಳು ನೋಡಿ ಕಲಿಯಲು ಒಪ್ಪಿದರೆ ಬಿಟ್ಟಿಯಾಗಿ ಶಸ್ತ್ರಚಿಕಿತ್ಸೆ ಮಾಡುವುದಾಗಿ ಮುಂದೆ ಬಂದರು. ಕಾಲು ಉಳಿಯಿತು. ಅದೇ ಹುಡುಗ 1922ರಲ್ಲಿ ಮ್ಯಾನಿಟೋಬ ಪ್ರಾಂತ್ಯದ ಬಾಕ್ಸಿಂಗ್ ಚಾಂಪಿಯನ್ ಆದ! ಆದರೆ ಆ ವೈದ್ಯರು ಅಂದು ವಾರ್ಡಿಗೆ ಬರದೇ ಹೋಗಿದ್ದರೆ ಎಂಬ ಪ್ರಶ್ನೆ ಡಗ್ಲಸ್‌ರನ್ನು ಬಿಡಲಿಲ್ಲ. ಒಂದು ಮಗುವಿನ ಕಾಲು ಯಾರದೋ ಕರುಣೆಯ ಮೇಲೆ ನಿಲ್ಲಬಾರದು ಎಂಬುದು ಅವರ ಜೀವನದ ಹಟವಾಯಿತು.

ಮುದ್ರಣಾಲಯದಲ್ಲಿ ಕೆಲಸ ಕಲಿತು, ಆಮೇಲೆ ಓದಿ ಪಾದ್ರಿಯಾಗಿ 1930ರಲ್ಲಿ ಸಸ್ಕಾಚೆವನ್ ಪ್ರಾಂತ್ಯದ ವೇಬರ್ನ್ ಊರಿಗೆ ಬಂದರು. ಗೋಧಿ ಬೆಳೆಯುವ ಸೀಮೆ. ಬರ, ಧೂಳಿನ ಬಿರುಗಾಳಿ, ಬೆಲೆ ಕುಸಿತ ಎಲ್ಲ ಒಟ್ಟಿಗೇ ಬಂದ ಕಾಲ. ವೈದ್ಯರ ನೆರವು ಸಿಗದೆ ಸತ್ತ ಹರೆಯದವರ ಅಂತ್ಯಕ್ರಿಯೆಯನ್ನು ಅವರೇ ಮಾಡಬೇಕಾಯಿತು. ಅಲ್ಲಿಂದ ರಾಜಕೀಯ, 1935ರಲ್ಲಿ ಸಂಸತ್ತು. ಹಾಗೆಂದು ಅವರನ್ನು ದೇವರು ಮಾಡುವುದು ಬೇಡ. 1933ರ ತಮ್ಮ ಎಂ.ಎ. ಪ್ರಬಂಧದಲ್ಲಿ, ಬುದ್ಧಿಮಾಂದ್ಯರೆಂದು ಕರೆಸಿಕೊಂಡವರಿಗೆ ಮಕ್ಕಳಾಗದಂತೆ ಮಾಡಬೇಕು ಎಂಬ ಆ ಕಾಲದ ಕೆಟ್ಟ ವಾದವನ್ನು ಅವರೂ ಒಪ್ಪಿದ್ದರು. ಅಧಿಕಾರ ಬಂದಾಗ ಮಾತ್ರ ಅದನ್ನು ಕಾನೂನಾಗಲು ಬಿಡಲಿಲ್ಲ.

1944ರಲ್ಲಿ ಅವರ ಪಕ್ಷ ಗೆದ್ದು ಡಗ್ಲಸ್ ಪ್ರಾಂತ್ಯದ ಮುಖ್ಯಸ್ಥರಾದರು. ಆರೋಗ್ಯ ಖಾತೆಯನ್ನೂ ತಾವೇ ಇಟ್ಟುಕೊಂಡರು. 1947ರ ಜನವರಿ 1ರಿಂದ ಆಸ್ಪತ್ರೆ ವಿಮೆ ಶುರುವಾಯಿತು: ವರ್ಷಕ್ಕೆ ತಲೆಗೆ 5 ಡಾಲರ್, ಇಡೀ ಕುಟುಂಬಕ್ಕೆ ಹೆಚ್ಚೆಂದರೆ 30 ಡಾಲರ್, ಉಳಿದದ್ದು ಸರ್ಕಾರದ ಬೊಕ್ಕಸದಿಂದ. ನನ್ನ ಕಸುಬಿನ ಕಣ್ಣಿಗೆ ಇಲ್ಲಿ ಮುಖ್ಯವಾಗಿ ಕಾಣುವುದು ಕಂತಿನ ಮೊತ್ತವಲ್ಲ, ಎಲ್ಲರೂ ಸೇರಲೇಬೇಕೆಂಬ ನಿಯಮ. ಇಷ್ಟ ಬಂದವರು ಮಾತ್ರ ಸೇರುವ ವಿಮೆಗೆ ಕಾಯಿಲೆಯವರೇ ಮೊದಲು ಬರುತ್ತಾರೆ. ಖರ್ಚು ಏರುತ್ತದೆ, ಕಂತು ಏರುತ್ತದೆ, ಗಟ್ಟಿಮುಟ್ಟಾದವರು ಬಿಟ್ಟುಹೋಗುತ್ತಾರೆ, ಕಂತು ಮತ್ತೂ ಏರುತ್ತದೆ. ಇದನ್ನು ತಡೆಯಲು ಕಂಪನಿಗಳು ಹಳೆಯ ಕಾಯಿಲೆಗೆ ಇಷ್ಟು ವರ್ಷ ಕಾಯಬೇಕು, ಇಂಥದ್ದಕ್ಕೆ ಹಣವಿಲ್ಲ ಎಂಬ ಷರತ್ತು ಹಾಕುತ್ತವೆ. ನಾನು ಬರೆಯುವ ಕೋಡಿನಲ್ಲಿ ಬಹುಪಾಲು ಇಂಥ ಷರತ್ತುಗಳೇ. ಊರಿಗೆ ಊರೇ ಸೇರಿದರೆ ಅವುಗಳ ಅಗತ್ಯವೇ ಬೀಳುವುದಿಲ್ಲ.

ಮುಂದಿನ ಹೆಜ್ಜೆಗೆ ಹದಿನೈದು ವರ್ಷ ಹಿಡಿಯಿತು. ಆಸ್ಪತ್ರೆಯ ಹಾಸಿಗೆಗೆ ವಿಮೆ ಇತ್ತು, ವೈದ್ಯರ ಶುಲ್ಕಕ್ಕೆ ಇರಲಿಲ್ಲ. ಕೇಂದ್ರ ಸರ್ಕಾರ 1957ರ ಕಾನೂನಿನಿಂದ ಪ್ರಾಂತ್ಯಗಳ ಆಸ್ಪತ್ರೆ ವೆಚ್ಚದಲ್ಲಿ ಪಾಲು ಹೊರತೊಡಗಿದ ಮೇಲೆ ಡಗ್ಲಸ್ ಕೈಗೆ ಸ್ವಲ್ಪ ಹಣ ಉಳಿಯಿತು. 1960ರ ಚುನಾವಣೆಯನ್ನು ಇದೇ ವಿಷಯದ ಮೇಲೆ ಗೆದ್ದು, 1961ರಲ್ಲಿ ಕಾನೂನು ತಂದರು. ನಂತರ ಹೊಸ ರಾಷ್ಟ್ರೀಯ ಪಕ್ಷವನ್ನು ಮುನ್ನಡೆಸಲು ಹೊರಟರು. ಪ್ರಾಂತ್ಯದ ಹೊಣೆ ವುಡ್ರೊ ಲಾಯ್ಡ್ ಅವರ ಮೇಲೆ ಬಿತ್ತು.

ವೈದ್ಯರು ಸಿಡಿದೆದ್ದರು. ಸರ್ಕಾರ ತಮ್ಮನ್ನು ನೌಕರರನ್ನಾಗಿ ಮಾಡುತ್ತದೆ ಎಂಬ ಭಯ ಅವರದು. ಆ ಭಯವನ್ನು ಪೂರ್ತಿ ತಳ್ಳಿಹಾಕಲಾಗದು. ಹಣ ಕೊಡುವವರು ಒಬ್ಬರೇ ಆದಾಗ ಅವರ ಮಾತೇ ನಡೆಯುತ್ತದೆ. ಜನರೂ ಒಡೆದು ಎರಡಾದರು. 1962ರ ಜೂನ್ ಚುನಾವಣೆಯಲ್ಲಿ ಡಗ್ಲಸ್ ರೆಜೈನಾ ಕ್ಷೇತ್ರದಲ್ಲಿ ಸೋತರು. ಜುಲೈ 1ರಂದು ವಿಮೆ ಜಾರಿಗೆ ಬಂತು, ಅಂದೇ ಬಹುಪಾಲು ವೈದ್ಯರು ಬಾಗಿಲು ಹಾಕಿದರು. ಬ್ರಿಟನ್ನಿನಿಂದ ವೈದ್ಯರನ್ನು ಕರೆಸಿದರು, ಕೆಲವೆಡೆ ಊರಿನವರೇ ಸೇರಿ ಚಿಕಿತ್ಸಾಲಯ ತೆರೆದರು. ಜುಲೈ 23ರಂದು ರಾಜಿಯಾಯಿತು: ವೈದ್ಯರು ಸ್ವತಂತ್ರರಾಗಿಯೇ ಉಳಿದು ಪ್ರತಿ ಚಿಕಿತ್ಸೆಗೆ ಬಿಲ್ಲು ಮಾಡಬಹುದು, ಹಣ ಮಾತ್ರ ಸಾರ್ವಜನಿಕ ವಿಮೆಯಿಂದ. ಲಾಯ್ಡ್ ಅವರ ಸರ್ಕಾರ 1964ರಲ್ಲಿ ಬಿದ್ದುಹೋಯಿತು. ವಿಮೆಯನ್ನು ಗೆದ್ದವರೂ ರದ್ದು ಮಾಡಲಿಲ್ಲ.

1966ರಲ್ಲಿ ಕೇಂದ್ರ ಇದನ್ನು ದೇಶಕ್ಕೆಲ್ಲ ವಿಸ್ತರಿಸುವ ಕಾನೂನು ಮಾಡಿತು, 1972ರೊಳಗೆ ಎಲ್ಲ ಪ್ರಾಂತ್ಯಗಳೂ ಸೇರಿದವು. 1984ರ ಇನ್ನೊಂದು ಕಾನೂನು, ರೋಗಿಯಿಂದ ಮೇಲ್ಶುಲ್ಕ ವಸೂಲಿ ಮಾಡಲು ಬಿಡುವ ಪ್ರಾಂತ್ಯದ ಅನುದಾನ ಕಡಿತಗೊಳಿಸಿತು. ಡಗ್ಲಸ್ ತೀರಿಕೊಂಡದ್ದು 1986ರ ಫೆಬ್ರವರಿ 24ರಂದು. ಕೆನಡಾದಲ್ಲಿ ಇಂದಿಗೂ ಮಂಡಿ ಬದಲಾವಣೆಯಂಥ ಶಸ್ತ್ರಚಿಕಿತ್ಸೆಗೆ ಬಹಳ ದಿನ ಸರದಿ ಕಾಯಬೇಕು. ಆದರೆ ಸರದಿ ಬಂದಾಗ ಯಾರೂ ದುಡ್ಡು ಕೇಳುವುದಿಲ್ಲ.