ಮೊದಲು ಪ್ರಿಆಂಪ್, ಆಮೇಲೆ ಪವರ್ ಆಂಪ್: ಸಾಲ್ ಮರಾಂಟ್ಜ್ ಕಟ್ಟಿದ ಜೋಡಿಯ ಕಥೆ

ಹೈಫೈ ಅಂಗಡಿಗಳಲ್ಲಿ ಇಂದಿಗೂ ಕಾಣುವ ಮರಾಂಟ್ಜ್ ಎಂಬ ಹೆಸರು ಒಬ್ಬ ವ್ಯಕ್ತಿಯದು ಎಂಬುದು ಹಲವರಿಗೆ ಗೊತ್ತಿಲ್ಲ. ಸಾಲ್ ಮರಾಂಟ್ಜ್ 1911ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದರು. ಅವರು ವೃತ್ತಿಯಿಂದ ಗ್ರಾಫಿಕ್ ಡಿಸೈನರ್. ಗಿಟಾರ್ ನುಡಿಸುವುದು ಇಷ್ಟ, ಯಂತ್ರಗಳನ್ನು ಬಿಚ್ಚಿ ಜೋಡಿಸುವುದು ಇನ್ನೂ ಇಷ್ಟ. ಎರಡನೇ ಮಹಾಯುದ್ಧ ಮುಗಿದ ಕಾಲಕ್ಕೆ ತಮ್ಮ ಕಾರಿನ ರೇಡಿಯೊವನ್ನು ಕಿತ್ತು, ಕ್ಯೂ ಗಾರ್ಡನ್ಸ್‌ನ ಮನೆಯೊಳಗೆ ಹಾಡುವಂತೆ ಮಾಡಿದರು.

ಆಗ ಎಲ್‌ಪಿ ರೆಕಾರ್ಡುಗಳ ಹೊಸ ಕಾಲ. ರೆಕಾರ್ಡ್ ಕೊರೆಯುವಾಗ ಮಂದ್ರ ಸ್ವರಗಳನ್ನು ತಗ್ಗಿಸಿ, ತಾರ ಸ್ವರಗಳನ್ನು ಏರಿಸುತ್ತಾರೆ. ಕೇಳುವಾಗ ಅದನ್ನು ಮತ್ತೆ ಸರಿದೂಗಿಸಬೇಕು. ಆದರೆ ಒಂದೊಂದು ಕಂಪನಿಯದು ಒಂದೊಂದು ಅಳತೆ. ಈ ಗೊಂದಲಕ್ಕೆ ಮರಾಂಟ್ಜ್ ಮನೆಯಲ್ಲೇ ಉತ್ತರ ಹುಡುಕಿದರು. 1950ರ ದಶಕದ ಆರಂಭದಲ್ಲಿ ಅವರು ತಯಾರಿಸಿದ ಆಡಿಯೊ ಕನ್ಸೊಲೆಟ್ ಎಂಬ ಪ್ರಿಆಂಪ್‌ನಲ್ಲಿ 36 ಬಗೆಯ ಹೊಂದಾಣಿಕೆ ಸಾಧ್ಯವಿತ್ತು. ನೂರು ಮಾಡಿದರೆ ಸಾಕು ಎಂದುಕೊಂಡಿದ್ದವರಿಗೆ ಒಂದು ವರ್ಷದಲ್ಲಿ ನಾನೂರು ಆರ್ಡರ್ ಬಂದವು. 1953ರಲ್ಲಿ ಕಂಪನಿ ಶುರುವಾಯಿತು.

ಜೋಡಿ ಯಾಕೆ ಮುಖ್ಯ?

ರೆಕಾರ್ಡ್ ಪ್ಲೇಯರಿನ ಮುಳ್ಳಿನಿಂದ ಬರುವ ಸಂಕೇತ ಕೆಲವೇ ಮಿಲಿವೋಲ್ಟ್. ಅದನ್ನು ತಿದ್ದಿ, ಬೆಳೆಸಿ ಕೊಡುವುದು ಪ್ರಿಆಂಪ್. ಸ್ಪೀಕರನ್ನು ನಡೆಸುವ ಶಕ್ತಿ ಕೊಡುವುದು ಪವರ್ ಆಂಪ್. ಪ್ರಿಆಂಪ್‌ನಲ್ಲಿ ಸಣ್ಣ ಗುಂಯ್ ಸದ್ದು ಸೇರಿಕೊಂಡರೂ ಪವರ್ ಆಂಪ್ ಅದನ್ನು ಹಿಗ್ಗಿಸಿಬಿಡುತ್ತದೆ. ಹೀಗಾಗಿಯೇ ಮರಾಂಟ್ಜ್ ಮೊದಲ ಪ್ರಿಆಂಪ್‌ನ ವಿದ್ಯುತ್ ಪೂರೈಕೆಯನ್ನು ಬೇರೆ ಪೆಟ್ಟಿಗೆಯಲ್ಲಿಟ್ಟರು.

ಪ್ರಿಆಂಪ್ ಚೆನ್ನಾಗಿದ್ದರೆ ಸಾಲದು, ಅದಕ್ಕೆ ತಕ್ಕ ಜೊತೆಗಾರ ಬೇಕು. ಎಂಜಿನಿಯರ್ ಸಿಡ್ನಿ ಸ್ಮಿತ್ ಅವರ ಜೊತೆಗೂಡಿ 1956ರಲ್ಲಿ ಮಾಡೆಲ್ 2 ಪವರ್ ಆಂಪ್ ತಂದರು. ಎರಡು ಇಎಲ್34 ಟ್ಯೂಬ್‌ಗಳಿಂದ 40 ವಾಟ್ ಶಕ್ತಿ. ಸ್ವಿಚ್ ಬದಲಿಸಿದರೆ ಟ್ರಯೋಡ್ ರೀತಿಯಲ್ಲಿ 20 ವಾಟ್. ಟ್ಯೂಬ್‌ಗಳು ಹಳತಾದಂತೆ ಅವುಗಳ ಕರೆಂಟ್ ಏರುಪೇರಾಗುತ್ತದೆ. ಅದನ್ನು ಮನೆಯಲ್ಲೇ ನೋಡಿ ಸರಿಪಡಿಸಲು ಒಂದು ಮೀಟರನ್ನೂ ಇಟ್ಟಿದ್ದರು.

ಸ್ಟೀರಿಯೊ ಬಂದಾಗ, 1958ರಲ್ಲಿ, ಮಾಡೆಲ್ 7 ಪ್ರಿಆಂಪ್ ಸಿದ್ಧವಾಯಿತು. ಒಳಗೆ ಆರು 12ಎಎಕ್ಸ್7 ಟ್ಯೂಬ್‌ಗಳು. ಹೊರಹೋಗುವ ಕೊನೆಯ ಹಂತ ಕ್ಯಾಥೋಡ್ ಫಾಲೋವರ್. ಇದರಿಂದ ಪ್ರಿಆಂಪ್‌ನ ಔಟ್‌ಪುಟ್ ಇಂಪಿಡೆನ್ಸ್ ಕಡಿಮೆಯಾಗುತ್ತದೆ. ಪವರ್ ಆಂಪ್‌ವರೆಗಿನ ಕೇಬಲ್ ಸ್ವಲ್ಪ ಉದ್ದವಾದರೂ ತಾರ ಸ್ವರಗಳು ಮಂಕಾಗುವುದಿಲ್ಲ. ಎರಡು ಪೆಟ್ಟಿಗೆಗಳನ್ನು ಜೋಡಿಸುವವರು ಇಂದಿಗೂ ಮೊದಲು ನೋಡಬೇಕಾದ ಲೆಕ್ಕ ಇದೇ: ಪ್ರಿಆಂಪ್‌ನ ಔಟ್‌ಪುಟ್ ಇಂಪಿಡೆನ್ಸ್ ಪವರ್ ಆಂಪ್‌ನ ಇನ್‌ಪುಟ್ ಇಂಪಿಡೆನ್ಸ್‌ಗಿಂತ ತುಂಬಾ ಕಡಿಮೆ ಇರಬೇಕು. 1960ರಲ್ಲಿ 70 ವಾಟ್‌ನ ಮಾಡೆಲ್ 9 ಬಂದು ಈ ಸಾಲು ತುಂಬಿತು.

ಪರಿಪೂರ್ಣತೆಗೆ ತೆತ್ತ ಬೆಲೆ

ಮುಂದಿನ ಹಠ ಎಫ್‌ಎಂ ಟ್ಯೂನರ್. ಮಾಡೆಲ್ 10ಬಿ ರೂಪಿಸಲು ವರ್ಷಗಳೇ ಹಿಡಿದವು, ಹಣ ನೀರಿನಂತೆ ಹರಿಯಿತು. ಟ್ಯೂನರ್ ಅದ್ಭುತವಾಗಿ ಬಂತು, ಕಂಪನಿಯ ಗಲ್ಲಾಪೆಟ್ಟಿಗೆ ಮಾತ್ರ ಬರಿದಾಯಿತು. 1964ರಲ್ಲಿ ಮರಾಂಟ್ಜ್ ತಮ್ಮ ಹೆಸರಿನ ಕಂಪನಿಯನ್ನು ಸೂಪರ್‌ಸ್ಕೋಪ್ ಸಂಸ್ಥೆಗೆ ಮಾರಬೇಕಾಯಿತು. 1968ರಲ್ಲಿ ಹೊರನಡೆದರು. ಮುಂದೆ ಜಾನ್ ಡಾಲ್‌ಕ್ವಿಸ್ಟ್ ಅವರ ಸ್ಪೀಕರ್ ಕಂಪನಿ ಕಟ್ಟಲು ನೆರವಾದರು.

1997ರ ಜನವರಿಯಲ್ಲಿ ಅವರು ತೀರಿಕೊಂಡರು. ಅದೇ ದಶಕದಲ್ಲಿ ಮಾಡೆಲ್ 7 ಮತ್ತು ಮಾಡೆಲ್ 9 ಹಳೆಯ ವಿನ್ಯಾಸದಲ್ಲೇ ಮತ್ತೆ ತಯಾರಾಗಿ ಮಾರುಕಟ್ಟೆಗೆ ಬಂದವು. ಟ್ರಾನ್ಸಿಸ್ಟರ್ ಯುಗದಲ್ಲೂ ಆ ಟ್ಯೂಬ್ ಜೋಡಿಗೆ ಕೇಳುಗರಿದ್ದರು.