ಶ್ರೀರಾಮಪುರದ ವಿಲಿಯಂ ಕೇರಿ: ದಿನಚರಿಯಲ್ಲಿ ದೇವರನ್ನು ಕಂಡ ಬಾಳು

ಚಳಿಗಾಲ ಬಂತೆಂದರೆ ಲೇಕ್ ಗಾರ್ಡನ್ಸ್‌ನ ಕನ್ನಡ ಕುಟುಂಬಗಳಿಗೆ ಅಲಿಪುರದ ಹೂವಿನ ಪ್ರದರ್ಶನ ದೂರದ್ದೇನಲ್ಲ. ಡೇಲಿಯಾ, ಸೇವಂತಿಗೆಗಳ ಸಾಲುಗಳ ನಡುವೆ ಮಕ್ಕಳ ಕೈ ಹಿಡಿದು ನಡೆಯುವಾಗ, ಆ ತೋಟವನ್ನು ನಡೆಸುವ ಆಗ್ರಿ-ಹಾರ್ಟಿಕಲ್ಚರಲ್ ಸೊಸೈಟಿಯನ್ನು 1820ರಲ್ಲಿ ಸ್ಥಾಪಿಸಿದವರು ಯಾರೆಂಬುದು ನಮ್ಮಲ್ಲಿ ಬಹುಮಂದಿಗೆ ನೆನಪಿಗೆ ಬರುವುದಿಲ್ಲ. ಅವರು ವಿಲಿಯಂ ಕೇರಿ. ಅದಕ್ಕೆ ಮೂರು ವರ್ಷ ಮೊದಲು, 1817ರಲ್ಲಿ, ಇದೇ ಕೇರಿಯವರು ಹೂಗ್ಲಿ ನದಿಯ ತೀರದ ಶ್ರೀರಾಮಪುರದಲ್ಲಿ ಕನ್ನಡ ಭಾಷೆಯ ವ್ಯಾಕರಣವೊಂದನ್ನು ಅಚ್ಚು ಹಾಕಿಸಿದ್ದರು. ಕನ್ನಡ ಲಿಪಿಯು ಅಚ್ಚಿನಲ್ಲಿ ಮೂಡಿದ ಅತ್ಯಂತ ಹಳೆಯ ಪುಸ್ತಕಗಳಲ್ಲಿ ಅದೂ ಒಂದು. ಬಂಗಾಳದಲ್ಲಿ ನೆಲೆಸಿದ ಕನ್ನಡಿಗರಾದ ನಮಗೆ ಈ ಮಹನೀಯರ ಬಾಳು ಎರಡು ಬಗೆಯಲ್ಲಿ ಹತ್ತಿರದ್ದು.

ಕೇರಿಯವರನ್ನು ಧರ್ಮಪ್ರಚಾರಕರೆಂದೂ ಬಂಗಾಳಿ ಗದ್ಯದ ಪೋಷಕರೆಂದೂ ಪಠ್ಯಪುಸ್ತಕಗಳು ಪರಿಚಯಿಸುತ್ತವೆ. ಅವರ ಭಕ್ತಿಯ ಸ್ವರೂಪವೇನಾಗಿತ್ತು ಎಂಬುದು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಅವರು ದಿವ್ಯದರ್ಶನಗಳನ್ನು ಕಂಡವರಲ್ಲ, ಪವಾಡಗಳನ್ನು ಮಾಡಿದವರೂ ಅಲ್ಲ. ಚರ್ಮ ಹೊಲಿಯುವುದು, ಪಾಠ ಹೇಳುವುದು, ಅಚ್ಚಿನ ಕರಡು ತಿದ್ದುವುದು, ಗಿಡಗಳಿಗೆ ನೀರೆರೆಯುವುದು ಇಂತಹ ನಿತ್ಯದ ಕೆಲಸಗಳಲ್ಲಿಯೇ ದೇವರ ಸಾನ್ನಿಧ್ಯವಿದೆಯೆಂದು ನಂಬಿ ನಡೆದವರು. ಕಾಯಕ ತತ್ತ್ವದ ನಾಡಿನಿಂದ ಬಂದ ನಮಗೆ ಈ ಮಾತು ಹೊಸದಾಗಿ ತೋರಲಾರದು. ಆದರೆ ಆ ನಂಬಿಕೆ ಅವರ ಮನೆಯೊಳಗೇ ಕಠಿಣ ಪರೀಕ್ಷೆಗೆ ಒಳಗಾಯಿತು.

ಕೇರಿಯವರು ಜನಿಸಿದ್ದು 1761ರ ಆಗಸ್ಟ್ 17ರಂದು, ಇಂಗ್ಲೆಂಡಿನ ನಾರ್ಥಾಂಪ್ಟನ್‌ಷೈರ್ ಪ್ರಾಂತದ ಪಾಲರ್ಸ್‌ಪರಿ ಎಂಬ ಹಳ್ಳಿಯಲ್ಲಿ. ತಂದೆ ಎಡ್ಮಂಡ್ ನೇಕಾರರು, ಮುಂದೆ ಊರಿನ ಶಾಲೆಯ ಉಪಾಧ್ಯಾಯರಾದರು. ಬಾಲಕನಿಗೆ ಗಿಡ, ಕೀಟ, ಹಕ್ಕಿಗಳ ಮೇಲೆ ಅಪಾರ ಪ್ರೀತಿ. ಬಿಸಿಲಿಗೆ ಚರ್ಮ ಬಾಧೆಪಡುತ್ತಿದ್ದುದರಿಂದ ಹೊಲದ ಕೆಲಸ ಆಗದೆ, ಹದಿನಾಲ್ಕರ ಸುಮಾರಿಗೆ ಪಾದರಕ್ಷೆ ತಯಾರಕರೊಬ್ಬರ ಬಳಿ ಕೆಲಸ ಕಲಿಯಲು ಸೇರಿದರು. ಅಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದ ಜಾನ್ ವಾರ್ ಎಂಬ ತರುಣನ ಸಹವಾಸದಿಂದ ಅವರ ಮನಸ್ಸು ದೇವರ ಕಡೆ ತಿರುಗಿತು. ಚರ್ಮದ ತುಂಡುಗಳ ನಡುವೆ ಪುಸ್ತಕವನ್ನಿಟ್ಟುಕೊಂಡು ಲ್ಯಾಟಿನ್, ಗ್ರೀಕ್, ಹೀಬ್ರೂ ಭಾಷೆಗಳನ್ನು ಒಂದೊಂದಾಗಿ ಕಲಿತರು. 1783ರಲ್ಲಿ ಬ್ಯಾಪ್ಟಿಸ್ಟ್ ಪಂಥದಲ್ಲಿ ದೀಕ್ಷಾಸ್ನಾನ ಪಡೆದು, ಮೌಲ್ಟನ್ ಎಂಬ ಊರಿನಲ್ಲಿ ಶಾಲೆ ನಡೆಸುತ್ತ, ಸಣ್ಣ ಸಭೆಯೊಂದರ ಬೋಧಕರೂ ಆದರು. ಆ ಸಂಬಳ ಸಂಸಾರಕ್ಕೆ ಸಾಲದೆ, ಪಾದರಕ್ಷೆ ಹೊಲಿಯುವುದನ್ನು ಬಿಡಲಾಗಲಿಲ್ಲ. ಬಹುಕಾಲದ ನಂತರ, ಗವರ್ನರ್ ಜನರಲ್ ಅವರ ಔತಣದಲ್ಲಿ ಅಧಿಕಾರಿಯೊಬ್ಬರು ಈ ಪೂರ್ವಜೀವನವನ್ನು ಕುರಿತು ಕುಹಕವಾಡಿದಾಗ, ತಾನು ಪಾದರಕ್ಷೆ ತಯಾರಿಸುವಷ್ಟು ದೊಡ್ಡವನೂ ಆಗಿರಲಿಲ್ಲ, ಹರಿದದ್ದನ್ನು ಹೊಲಿಯುವವನಷ್ಟೇ ಎಂದು ಕೇರಿಯವರು ಸಮಾಧಾನದಿಂದ ತಿಳಿಸಿದರೆಂದು ಅವರ ಚರಿತ್ರಕಾರರು ಬರೆದಿದ್ದಾರೆ.

1781ರಲ್ಲಿ ಡೊರೊತಿ ಪ್ಲಾಕೆಟ್ ಎಂಬ ಹಳ್ಳಿಯ ಯುವತಿಯೊಡನೆ ಅವರ ವಿವಾಹವಾಯಿತು. ಓದುಬರಹ ತಿಳಿಯದ ಆಕೆ ವಿವಾಹದ ದಾಖಲೆಯಲ್ಲಿ ಸಹಿಯ ಬದಲು ಗುರುತು ಹಾಕಿದ್ದರು. ಮೌಲ್ಟನ್‌ನ ಗೋಡೆಯ ಮೇಲೆ ಪತಿ ಜಗತ್ತಿನ ನಕಾಶೆ ತೂಗುಹಾಕಿ ದೂರದೇಶಗಳ ಜನರ ಬಗ್ಗೆ ಚಿಂತಿಸುತ್ತಿದ್ದಾಗ, ಪತ್ನಿಯ ಲೋಕ ತವರಿನ ಸುತ್ತಲಿನ ಕೆಲವು ಹಳ್ಳಿಗಳಾಗಿತ್ತು. 1792ರ ಅಕ್ಟೋಬರ್‌ನಲ್ಲಿ ಕೆಟರಿಂಗ್ ಊರಿನಲ್ಲಿ ಬ್ಯಾಪ್ಟಿಸ್ಟ್ ಮಿಷನರಿ ಸೊಸೈಟಿ ಸ್ಥಾಪನೆಯಾಗಿ ಕೇರಿಯವರು ಭಾರತಕ್ಕೆ ಹೋಗಲು ಸಿದ್ಧರಾದಾಗ ಡೊರೊತಿ ಮೊದಲು ಒಪ್ಪಲೇ ಇಲ್ಲ. ಕಡೆಯ ಗಳಿಗೆಯಲ್ಲಿ, ತಂಗಿ ಕಿಟ್ಟಿ ಜೊತೆಗಿರುವಳೆಂಬ ಭರವಸೆಯ ಮೇಲೆ, ಎಳೆಗೂಸನ್ನು ಎತ್ತಿಕೊಂಡು ಹಡಗು ಏರಿದರು. 1793ರ ಜೂನ್‌ನಲ್ಲಿ ಹೊರಟ ಡೇನಿಷ್ ಹಡಗು ನವೆಂಬರ್‌ನಲ್ಲಿ ಕೋಲ್ಕತ್ತ ತಲುಪಿತು.

ಈ ಊರಿನಲ್ಲಿ ಕೇರಿ ಕುಟುಂಬದ ಮೊದಲ ತಿಂಗಳುಗಳು ಅತ್ಯಂತ ದಾರುಣವಾಗಿದ್ದವು. ತಂದ ಹಣ ಬೇಗನೆ ಕರಗಿತು. ಮಾಣಿಕ್‌ತಲಾ, ಬಂಡೇಲ್, ಸುಂದರಬನದ ಅಂಚು ಎಂದು ಅಲೆದಾಟ. ಹೊಸದಾಗಿ ಪರಸ್ಥಳಕ್ಕೆ ಬಂದು ಭಾಷೆ ತಿಳಿಯದೆ ಪರದಾಡಿದ ಅನುಭವ ನಮ್ಮ ಹಿರಿಯರಲ್ಲಿ ಹಲವರಿಗೆ ಇದೆ. ಆದರೆ ಡೊರೊತಿಯವರ ಪಾಲಿಗೆ ಬಂದದ್ದು ಅದಕ್ಕಿಂತ ಘೋರವಾದದ್ದು. 1794ರಲ್ಲಿ ಉತ್ತರ ಬಂಗಾಳದ ಮದನಾವತಿಯಲ್ಲಿ ನೀಲಿ ಕಾರ್ಖಾನೆಯ ಮೇಲ್ವಿಚಾರಕರ ಕೆಲಸ ದೊರೆತು ಸಂಸಾರ ನೆಲೆಗೊಂಡಿತೆನ್ನುವಷ್ಟರಲ್ಲಿ ಐದು ವರ್ಷದ ಮಗ ಪೀಟರ್ ಆಮಶಂಕೆಯಿಂದ ತೀರಿಕೊಂಡನು. ಮಗುವಿಗೆ ಗುಂಡಿ ತೋಡಲು ಸಹ ಜನ ಸಿಗುವುದು ಕಷ್ಟವಾಯಿತು. ಆ ಬಳಿಕ ಡೊರೊತಿಯವರ ಮನಸ್ಸು ಕದಡಿತು. ಪತಿಯ ಮೇಲೆ ಇಲ್ಲದ ಸಂಶಯ, ಭ್ರಮೆ, ಆಕ್ರೋಶ ಹೆಚ್ಚುತ್ತ ಹೋಗಿ ಮತ್ತೆಂದೂ ಆಕೆ ಪೂರ್ಣವಾಗಿ ಗುಣಮುಖರಾಗಲಿಲ್ಲ.

ಆ ವರ್ಷಗಳ ಕೇರಿಯವರ ದಿನಚರಿ ಪುಸ್ತಕದಲ್ಲಿ ವಿಜಯೋತ್ಸಾಹವಿಲ್ಲ. ತನ್ನ ಹೃದಯ ಒಣಗಿದೆ, ಪ್ರಾರ್ಥನೆಯಲ್ಲಿ ರಸವಿಲ್ಲ, ದೇವರು ದೂರವಾದಂತಿದೆ ಎಂಬ ಅಳಲು ಮತ್ತೆ ಮತ್ತೆ ಕಾಣುತ್ತದೆ. ಏಳು ವರ್ಷಗಳ ಕಾಲ ಅವರ ಬೋಧೆಯನ್ನು ಸ್ವೀಕರಿಸಿ ದೀಕ್ಷೆ ಪಡೆದ ಬಂಗಾಳಿ ಒಬ್ಬರೂ ಇರಲಿಲ್ಲ. ದೇವರ ಸಾನ್ನಿಧ್ಯ ಅನುಭವಕ್ಕೆ ಬಾರದ ದಿನಗಳಲ್ಲಿಯೂ ಅವರು ಮಾಡಿದ್ದು ಒಂದೇ: ಮರುದಿನ ಎದ್ದು, ಕಾರ್ಖಾನೆಯ ಲೆಕ್ಕ ನೋಡಿ, ಪಂಡಿತರೊಡನೆ ಕುಳಿತು ಬಂಗಾಳಿ ಮತ್ತು ಸಂಸ್ಕೃತದ ಪಾಠ ಮುಂದುವರಿಸಿದರು. ತಮ್ಮಲ್ಲಿ ಏನಾದರೂ ಗುಣವಿದ್ದರೆ ಅದು ಬಿಡದೆ ಹೆಜ್ಜೆ ಹಾಕುವುದಷ್ಟೇ ಎಂದು ಮುಪ್ಪಿನಲ್ಲಿ ಸೋದರನ ಮಗನಿಗೆ ಅವರು ಹೇಳಿದ್ದು ಸುಳ್ಳಲ್ಲ.

1800ರ ಜನವರಿಯಲ್ಲಿ ಅವರು ಡೇನಿಷ್ ಆಡಳಿತದಲ್ಲಿದ್ದ ಶ್ರೀರಾಮಪುರಕ್ಕೆ ಬಂದರು. ಉಪಾಧ್ಯಾಯರಾದ ಜೋಷುವಾ ಮಾರ್ಷ್‌ಮನ್, ಅವರ ಪತ್ನಿ ಹನ್ನಾ, ಮುದ್ರಕರಾದ ವಿಲಿಯಂ ವಾರ್ಡ್ ಇವರೊಡನೆ ಒಂದೇ ಅಡುಗೆಮನೆ, ಒಂದೇ ಹಣದ ಪೆಟ್ಟಿಗೆಯ ಕೂಡುಬಾಳು ಆರಂಭವಾಯಿತು. ಕೂಡುಕುಟುಂಬದಲ್ಲಿ ಬೆಳೆದವರಿಗೆ ಅದರ ಕಷ್ಟ ತಿಳಿದೇ ಇದೆ. ಆದ್ದರಿಂದ ಅವರು ಶನಿವಾರದ ಸಂಜೆಯನ್ನು ಮೀಸಲಿಟ್ಟರು. ವಾರದಲ್ಲಿ ಒಬ್ಬರ ಮೇಲೊಬ್ಬರಿಗೆ ಉಂಟಾದ ಬೇಸರವನ್ನು ಆಗ ತೆರೆದು ಹೇಳಿ, ಪರಸ್ಪರ ಪ್ರೀತಿಯನ್ನು ಮತ್ತೆ ಪ್ರತಿಜ್ಞೆ ಮಾಡಿ ಭಾನುವಾರದ ಆರಾಧನೆಗೆ ಹೋಗಬೇಕೆಂಬುದು ಅವರ ನಿಯಮವಾಗಿತ್ತು. ದೇವರ ಪ್ರೀತಿಯನ್ನು ಊಟದ ಮೇಜಿನ ಸುತ್ತಲೇ ಅಭ್ಯಾಸ ಮಾಡುವ ಪದ್ಧತಿ ಇದು. ಅದೇ ವರ್ಷದ ಡಿಸೆಂಬರ್‌ನಲ್ಲಿ, ತೋಳಿನ ಕೀಲು ತಪ್ಪಿ ಚಿಕಿತ್ಸೆಗೆ ಬಂದಿದ್ದ ಬಡಗಿ ಕೃಷ್ಣ ಪಾಲ್ ಹೂಗ್ಲಿಯ ನೀರಿನಲ್ಲಿ ದೀಕ್ಷೆ ಪಡೆದರು.

1801ರಲ್ಲಿ ಬಂಗಾಳಿ ಹೊಸ ಒಡಂಬಡಿಕೆ ಅಚ್ಚಾಯಿತು. ಅದೇ ವರ್ಷ ಕೋಲ್ಕತ್ತದ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಬಂಗಾಳಿ ಬೋಧಕರಾಗಿ ನೇಮಕಗೊಂಡ ಕೇರಿಯವರು ಮುಂದೆ ಸಂಸ್ಕೃತ, ಮರಾಠಿಗಳನ್ನೂ ಕಲಿಸಿದರು. ತಿಂಗಳಿಗೆ 500 ರೂಪಾಯಿಯಿಂದ ಆರಂಭವಾದ ಸಂಬಳ 1,000ಕ್ಕೆ ಏರಿತು. ಮನೆಯ ಅಲ್ಪ ಖರ್ಚನ್ನು ಬಿಟ್ಟು ಉಳಿದದ್ದೆಲ್ಲ ಕೂಡು ಪೆಟ್ಟಿಗೆಗೆ ಹೋಯಿತು.

1806ರ ಜೂನ್ ತಿಂಗಳ ಒಂದು ದಿನವನ್ನು ಹೇಗೆ ಕಳೆದೆನೆಂದು ಅವರು ಗೆಳೆಯರಿಗೆ ಪತ್ರದಲ್ಲಿ ವಿವರಿಸಿದ್ದಾರೆ. ಆರು ಗಂಟೆಗೆ ಮುನ್ನ ಎದ್ದು ಹೀಬ್ರೂ ಬೈಬಲ್ಲಿನ ಒಂದು ಅಧ್ಯಾಯ, ಏಕಾಂತ ಪ್ರಾರ್ಥನೆ, ಬಳಿಕ ಕೆಲಸದವರೊಡನೆ ಬಂಗಾಳಿಯಲ್ಲಿ ಪ್ರಾರ್ಥನೆ. ಚಹಾ ಸಿದ್ಧವಾಗುವಷ್ಟರಲ್ಲಿ ಮುನ್ಷಿಯೊಡನೆ ಪಾರಸಿ ಓದು. ಉಪಾಹಾರದ ನಂತರ ಪಂಡಿತರೊಡನೆ ರಾಮಾಯಣದ ಅನುವಾದ. ಹತ್ತರಿಂದ ಎರಡರವರೆಗೆ ಕಾಲೇಜು. ಆಮೇಲೆ ಅಚ್ಚಿನ ಕರಡು ತಿದ್ದುವುದು, ಸಂಸ್ಕೃತ ಅನುವಾದ, ಸಂಜೆ ತೆಲುಗು ಪಾಠ, ಇಂಗ್ಲಿಷಿನಲ್ಲಿ ಪ್ರವಚನ, ರಾತ್ರಿ ಮತ್ತೆ ಬಂಗಾಳಿ ಅನುವಾದ, ಮಲಗುವ ಮುನ್ನ ಗ್ರೀಕ್ ಒಡಂಬಡಿಕೆಯ ಒಂದು ಅಧ್ಯಾಯ. ಇಲ್ಲಿ ಪ್ರಾರ್ಥನೆ ಯಾವುದು, ಕೆಲಸ ಯಾವುದು ಎಂದು ಗೆರೆ ಎಳೆಯುವುದು ಕಷ್ಟ. ಮಾರ್ಷ್‌ಮನ್ ಅವರೊಡನೆ ಅವರು ಹೊರತಂದ ರಾಮಾಯಣದ ಸಂಪುಟಗಳು ಇಂತಹ ಮುಂಜಾನೆಗಳ ಫಲ.

ಈ ದಿನಚರಿಯನ್ನು ಮೆಚ್ಚುವಾಗ, ಅದೇ ಮನೆಯ ಮತ್ತೊಂದು ಕೋಣೆಯನ್ನು ಮರೆಯಲಾಗದು. ಅಲ್ಲಿ ಡೊರೊತಿಯವರು ಬಹುಕಾಲ ಕಾವಲಿನಲ್ಲಿ ಇರಬೇಕಾಯಿತು. ಪತಿ ಅವರನ್ನು ಮನೆಯಲ್ಲಿಯೇ ಇರಿಸಿಕೊಂಡು ನೋಡಿಕೊಂಡರು, ದೂರ ಮಾಡಲಿಲ್ಲ. ಆದರೆ ನಾಲ್ವರು ಗಂಡುಮಕ್ಕಳಾದ ಫೆಲಿಕ್ಸ್, ವಿಲಿಯಂ, ಜೇಬೆಜ್, ಜೊನಾಥನ್ ಇವರಿಗೆ ತಂದೆಯ ಸಮಯ ಸಾಕಷ್ಟು ಸಿಗಲಿಲ್ಲ. ಅವರನ್ನು ತಿದ್ದಿ ಬೆಳೆಸುವುದರಲ್ಲಿ ಹನ್ನಾ ಮಾರ್ಷ್‌ಮನ್ ಮತ್ತು ವಾರ್ಡ್ ಅವರ ಪಾಲು ದೊಡ್ಡದು. ಹನ್ನಾ ಅವರು ಶಾಲೆ ನಡೆಸಿ ಗಳಿಸಿದ ಹಣವೂ ಆ ಸಂಸಾರದ ಆಧಾರವಾಗಿತ್ತು. 1807ರ ಡಿಸೆಂಬರ್‌ನಲ್ಲಿ ಡೊರೊತಿ ನಿಧನರಾದರು. ನಿತ್ಯಜೀವನದಲ್ಲಿ ದೇವರ ಪ್ರೀತಿಯನ್ನು ಕಾಣುವುದೆಂದರೆ ಮೊದಲು ಮನೆಯವರ ನೋವನ್ನು ಕಾಣುವುದಲ್ಲವೇ ಎಂಬ ಪ್ರಶ್ನೆಯನ್ನು ಆಕೆಯ ಬಾಳು ಇಂದಿಗೂ ಕೇಳುತ್ತದೆ. ಕೇರಿಯವರನ್ನು ಗೌರವಿಸುವವರು ಅದನ್ನು ತಪ್ಪಿಸಿಕೊಳ್ಳಬಾರದು. ಮುಂದಿನ ವರ್ಷ ಅವರು ವಿವಾಹವಾದ ಷಾರ್ಲೊಟ್ ರೂಮರ್ ವಿದ್ಯಾವಂತೆ, ದೇಹದಿಂದ ದುರ್ಬಲೆ. 1821ರಲ್ಲಿ ಆಕೆ ತೀರಿಕೊಳ್ಳುವವರೆಗಿನ ಹದಿಮೂರು ವರ್ಷಗಳ ಆ ದಾಂಪತ್ಯ ಸುಖಮಯವಾಗಿತ್ತು.

ಕನ್ನಡದ ಕಥೆ ಬರುವುದು ಈ ಕಾಲದಲ್ಲಿ. 1812ರ ಮಾರ್ಚ್ 11ರ ಸಂಜೆ ಶ್ರೀರಾಮಪುರದ ಮುದ್ರಣಾಲಯಕ್ಕೆ ಬೆಂಕಿ ಬಿದ್ದಿತು. ಕಾಗದ, ಅಚ್ಚಿನ ಮೊಳೆಗಳು, ಹಸ್ತಪ್ರತಿಗಳು ಬೂದಿಯಾದವು. ಕೇರಿಯವರು ಸಿದ್ಧಪಡಿಸಿದ್ದ ಕನ್ನಡ ಹೊಸ ಒಡಂಬಡಿಕೆಯ ಹಸ್ತಪ್ರತಿ, ತೆಲುಗು ವ್ಯಾಕರಣ, ಹಲವು ಭಾಷೆಗಳ ಮಹಾನಿಘಂಟು ಎಲ್ಲವೂ ಅದರಲ್ಲಿ ಹೋದವು. ಆ ಹೊತ್ತಿನಲ್ಲಿ ಕೋಲ್ಕತ್ತದಲ್ಲಿದ್ದ ಅವರಿಗೆ ಮಾರ್ಷ್‌ಮನ್ ಬಂದು ಸುದ್ದಿ ತಿಳಿಸಿದರು. ಕೇರಿಯವರು ಕಣ್ಣೀರಿಟ್ಟರು. ಮುಂದಿನ ಭಾನುವಾರ, ನಿಶ್ಚಲರಾಗಿ ದೇವರನ್ನು ಅರಿಯಬೇಕೆಂಬ ಬೈಬಲ್ಲಿನ ಕೀರ್ತನೆಯೊಂದನ್ನು ಆಧರಿಸಿ ಪ್ರವಚನ ಮಾಡಿದರು. ಮೊಳೆ ಎರಕ ಹೊಯ್ಯುವ ಅಚ್ಚುಗಳು ಬೆಂಕಿಯಲ್ಲಿ ಉಳಿದಿದ್ದವು. ಕರಗಿ ಬಿದ್ದಿದ್ದ ಸೀಸವನ್ನೇ ಆಯ್ದು ಹೊಸ ಮೊಳೆಗಳನ್ನು ಎರಕ ಹೊಯ್ದರು. ಒಮ್ಮೆ ನಡೆದ ದಾರಿ ಎರಡನೆಯ ಸಲ ಸುಲಭವೆಂದು ಹೇಳಿ ಅವರು ಮತ್ತೆ ಮೊದಲಿನಿಂದ ಬರೆಯಲು ಕುಳಿತರು. ಐದು ವರ್ಷಗಳ ನಂತರ ಕನ್ನಡ ವ್ಯಾಕರಣ ಹೊರಬಂದಿತು, ಆಮೇಲೆ ಕನ್ನಡ ಹೊಸ ಒಡಂಬಡಿಕೆಯೂ ಅಚ್ಚಾಯಿತು.

ಭಾರತಕ್ಕೆ ಬಂದ ಮೇಲೆ ಬಂಗಾಳದಲ್ಲಿಯೇ ಬಾಳಿದ ಕೇರಿಯವರು ಕನ್ನಡವನ್ನು ಪಂಡಿತರ ನೆರವಿನಿಂದ ದೂರದಿಂದಲೇ ಕಲಿತವರು. ಅವರ ಅನುವಾದಗಳಲ್ಲಿ ಹಲವು ಬಹುಕಾಲ ನಿಲ್ಲಲಿಲ್ಲ. ಕನ್ನಡದ ಮಟ್ಟಿಗೆ, ಬಳ್ಳಾರಿಯಲ್ಲಿ ಜನರ ನಡುವೆ ನೆಲೆಸಿ ಜಾನ್ ಹ್ಯಾಂಡ್ಸ್ ಮಾಡಿದ ಬೈಬಲ್ ಅನುವಾದವೇ ಮುಂದಿನವರಿಗೆ ಹೆಚ್ಚು ಉಪಯುಕ್ತವಾಯಿತು. ಅದಾದ ನಂತರ ಮಂಗಳೂರಿನ ಮೊಗ್ಲಿಂಗ್, ಕಿಟ್ಟೆಲ್ ಅವರ ಕಾಲ ಬಂತು. ತಾನು ಬಿತ್ತಿದ್ದನ್ನು ಬೇರೆಯವರು ಮೀರಿಸುವರೆಂದು ತಿಳಿದೂ ಬಿತ್ತುವುದು ತೋಟಗಾರನ ಗುಣ.

ಕೇರಿಯವರು ನಿಜಕ್ಕೂ ತೋಟಗಾರರಾಗಿದ್ದರು. ಶ್ರೀರಾಮಪುರದ ಐದು ಎಕರೆ ತೋಟದಲ್ಲಿ ಬೆಳಗಿನ ಹೊತ್ತು ನಡೆಯುತ್ತ ಪ್ರಾರ್ಥಿಸುವುದು ಅವರ ರೂಢಿ. ಒಮ್ಮೆ ಇಂಗ್ಲೆಂಡಿನಿಂದ ಬಂದ ಬೀಜದ ಚೀಲವನ್ನು ನೆರಳಿನ ಮೂಲೆಯಲ್ಲಿ ಕೊಡವಿದಾಗ, ಕೆಲವು ದಿನಗಳಲ್ಲಿ ಹುಟ್ಟೂರಿನ ಪುಟ್ಟ ಡೇಸಿ ಗಿಡವೊಂದು ಮೊಳೆಯಿತು. ಮೂವತ್ತು ವರ್ಷಗಳ ಹಿಂದೆ ಬಿಟ್ಟು ಬಂದ ನೆಲದ ಆ ಹೂವನ್ನು ಕಂಡು ಅವರಿಗಾದ ಆನಂದವನ್ನು, ಊರಿನಿಂದ ತಂದ ಕನಕಾಂಬರವನ್ನು ಬಾಲ್ಕನಿಯ ಕುಂಡದಲ್ಲಿ ಬೆಳೆಸುವ ನಮ್ಮ ತಾಯಂದಿರು ಊಹಿಸಬಲ್ಲರು. ಸಸ್ಯಶಾಸ್ತ್ರಜ್ಞ ರಾಕ್ಸ್‌ಬರ್ಗ್ ತಮ್ಮ ಈ ಗೆಳೆಯರ ಹೆಸರನ್ನು ಕೇರಿಯಾ ಎಂಬ ಸಸ್ಯಕುಲಕ್ಕೆ ಇಟ್ಟರು. ಕನ್ನಡ ನಾಡಿನ ಕಾಡುಗಳಲ್ಲಿ ಬೆಳೆಯುವ ಕವಲು ಮರ ಆ ಕುಲದ್ದು.

1818ರಲ್ಲಿ ಶ್ರೀರಾಮಪುರ ಕಾಲೇಜು ಸ್ಥಾಪನೆಯಾಯಿತು. 1823ರಲ್ಲಿ ಕೇರಿಯವರು ಬಿದ್ದು ತೀವ್ರವಾಗಿ ಗಾಯಗೊಂಡರು. ಅದೇ ಕಾಲದ ಪ್ರವಾಹ ಅವರ ತೋಟವನ್ನು ಹಾಳುಗೆಡವಿತು. ಚೇತರಿಸಿಕೊಂಡವರೇ ಮತ್ತೆ ಸಸಿ ನೆಡಲು ಆರಂಭಿಸಿದರು. 1799ರಲ್ಲಿ ನದಿತೀರದಲ್ಲಿ ಸಹಗಮನವೊಂದನ್ನು ಕಣ್ಣಾರೆ ಕಂಡು ತಡೆಯಲಾಗದೆ ಹಿಂದಿರುಗಿದ್ದ ಅವರ ಕೈಗೆ, ಮೂವತ್ತು ವರ್ಷಗಳ ನಂತರ, 1829ರ ಡಿಸೆಂಬರ್‌ನ ಒಂದು ಭಾನುವಾರ, ಆ ಪದ್ಧತಿಯನ್ನು ನಿಷೇಧಿಸುವ ಶಾಸನ ಬಂಗಾಳಿಗೆ ಅನುವಾದವಾಗಲೆಂದು ಬಂದಿತು. ತಡವಾದ ಪ್ರತಿ ಗಳಿಗೆಗೂ ಒಂದು ಜೀವ ಹೋಗಬಹುದೆಂದು, ಅಂದಿನ ಪ್ರವಚನವನ್ನು ಇನ್ನೊಬ್ಬರಿಗೆ ಒಪ್ಪಿಸಿ, ಸಂಜೆಯೊಳಗೆ ಅನುವಾದ ಮುಗಿಸಿದರು. ಸಬ್ಬತ್ ದಿನವನ್ನು ಕಟ್ಟುನಿಟ್ಟಾಗಿ ಆಚರಿಸುತ್ತಿದ್ದ ಭಕ್ತರಿಗೆ ಅಂದು ಆ ಬರವಣಿಗೆಯೇ ಆರಾಧನೆಯಾಯಿತು.

1834ರ ಜೂನ್ 9ರಂದು ಶ್ರೀರಾಮಪುರದಲ್ಲಿ ಕೇರಿಯವರು ಕೊನೆಯುಸಿರೆಳೆದರು. ಸಮಾಧಿಯ ಮೇಲೆ ಹೊಗಳಿಕೆ ಬೇಡ, ಹೆಸರು, ತಾರೀಖುಗಳೊಡನೆ ದೀನಭಾವದ ಒಂದು ಸ್ತೋತ್ರವಾಕ್ಯ ಸಾಕೆಂದು ಅವರು ಮೊದಲೇ ತಿಳಿಸಿದ್ದರು. ಹಾಗೆಯೇ ನಡೆಯಿತು.

ಹೌರಾದಿಂದ ಲೋಕಲ್ ರೈಲಿನಲ್ಲಿ ಹೊರಟರೆ ಶ್ರೀರಾಮಪುರ ಒಂದು ಗಂಟೆಯೊಳಗಿನ ದಾರಿ. ರಜೆಯ ದಿನವೊಂದರಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ, ನದಿಯ ದಡದ ಕಾಲೇಜನ್ನೂ ಮಿಷನ್ ಸ್ಮಶಾನದ ಆ ಸರಳ ಸಮಾಧಿಯನ್ನೂ ತೋರಿಸಬಹುದು. ನಮ್ಮ ಭಾಷೆಯ ಅಕ್ಷರಗಳನ್ನು ಬೂದಿಯೊಳಗಿಂದ ಮತ್ತೆ ಎತ್ತಿ ಜೋಡಿಸಿದ ಊರು ಅದು. ಅಲ್ಲಿ ಕೇರಿಯವರನ್ನು ನೆನೆಯುವಾಗ ಡೊರೊತಿಯವರನ್ನೂ ನೆನೆಯೋಣ. ಮನೆಗೆ ಹಿಂದಿರುಗಿದ ಮೇಲೆ, ಅಂದಿನ ಕೆಲಸದ ನಡುವೆ, ಪಕ್ಕದ ಕೋಣೆಯಲ್ಲಿ ನಮಗಾಗಿ ಕಾಯುತ್ತಿರುವವರ ಬಳಿ ಒಂದಿಷ್ಟು ಹೊತ್ತು ಕುಳಿತುಕೊಳ್ಳೋಣ.